ಜೊತೆಗೆ ಹೋಗುವವರ ತೂಕ

ತೀರ್ಥಹಳ್ಳಿಯ ಹೆಲಿಪ್ಯಾಡಿನಲ್ಲಿ ಪೂರ್ಣೇಶನಷ್ಟು ಬೈಸಿಕೊಳ್ಳುವ ಮನುಷ್ಯ ಇನ್ನೊಬ್ಬನಿಲ್ಲ. ಪೈಲಟ್ಟಿಗೆ ಯಾರೂ ಬೈಯುವುದಿಲ್ಲ. ಆಕಾಶದಿಂದ ಇಳಿದು ಬಂದವನಿಗೆ ಬೈಯಲು ನಮ್ಮ ಜನಕ್ಕೆ ನಾಲಿಗೆ ಏಳುವುದಿಲ್ಲ. ನರ್ಸಿಗೆ ಬೈದರೆ ಸೂಜಿ ಜೋರಾಗಿ ಚುಚ್ಚಿಯಾಳೆಂಬ ಭಯ. ಕೊನೆಗೆ ಉಳಿಯುವವನು ತೂಕದ ಮಷೀನಿನ ಪಕ್ಕ ನಿಂತ ಪೂರ್ಣೇಶ. "ಮನುಷ್ಯರನ್ನ ಅಡಿಕೆ ಚೀಲ ಅಂದ್ಕಂಡಿದೀಯನಾ?" ಎಂದು ಕೇಳದವರು ಕಡಿಮೆ. ನಾಲ್ಕು ವರ್ಷದಿಂದ ಕೇಳಿ ಕೇಳಿ ಅವನಿಗೆ ಸಿಟ್ಟು ಬರುವುದೂ ನಿಂತುಹೋಗಿದೆ. ಸಿಟ್ಟು ಬರಬೇಕಾದರೂ ಮೈಯಲ್ಲಿ ಸ್ವಲ್ಪ ಕಸುವು ಬೇಕು.

ಅವನ ಕೆಲಸ ಹೇಳಲು ಸುಲಭ. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ತಾಲ್ಲೂಕಿಗೆ ಒಂದು ಟ್ರಸ್ಟಿನವರು ಹೆಲಿಕಾಪ್ಟರ್ ಆಂಬುಲೆನ್ಸ್ ನಡೆಸುತ್ತಾರೆ. ಘಾಟಿಯ ತಿರುವುಗಳಲ್ಲಿ ಎರಡೂವರೆ ಗಂಟೆ ತಡೆದುಕೊಳ್ಳಲಾರದ ರೋಗಿಯನ್ನು ಇಪ್ಪತ್ತೈದು ನಿಮಿಷದಲ್ಲಿ ಕರಾವಳಿಯ ದೊಡ್ಡ ಆಸ್ಪತ್ರೆಗೆ ಮುಟ್ಟಿಸುತ್ತದೆ. ಆದರೆ ನಮ್ಮ ಖಾಸಗಿ ಬಸ್ಸುಗಳ ಹಾಗೆ ಅದರಲ್ಲಿ ಇನ್ನೊಬ್ಬರನ್ನು ಒತ್ತಿ ಕೂರಿಸುವಂತಿಲ್ಲ. ಇಷ್ಟು ತೂಕ ಎಂದರೆ ಇಷ್ಟೇ, ಅದರ ಮೇಲೆ ಒಂದು ಕಿಲೋ ಹೆಚ್ಚಾದರೂ ನಿಯಮ ಒಪ್ಪುವುದಿಲ್ಲ. ಪೈಲಟ್ಟು, ನರ್ಸು, ಆಕ್ಸಿಜನ್ನು, ಮಷೀನುಗಳು, ಇಂಧನ ಇವೆಲ್ಲ ಕಳೆದು ಉಳಿದದ್ದು ರೋಗಿಗೆ ಮತ್ತು ಜೊತೆಗೆ ಹೋಗುವ ಒಬ್ಬರಿಗೆ. ಅದೂ ದಿನಕ್ಕೊಂದು ಲೆಕ್ಕ. ಬಿಸಿಲು ಏರಿದಷ್ಟೂ ಗಾಳಿ ಹಗುರಾಗಿ ಹೆಲಿಕಾಪ್ಟರಿಗೆ ಎತ್ತುವ ಶಕ್ತಿ ಕಡಿಮೆ. ಸುತ್ತ ಮರಗಳಿರುವ ಜಾಗವಾದರೆ ನೆಟ್ಟಗೆ ಮೇಲೇಳಬೇಕು, ಅದಕ್ಕೆ ಇನ್ನೂ ಶಕ್ತಿ ಬೇಕು. ಘಾಟಿಯ ಮೇಲೆ ಮೋಡ ಮುಚ್ಚಿದರೆ ವಾಪಸು ಬರಲು ಇಂಧನ ಉಳಿದಿರಬೇಕು, ಇಂಧನಕ್ಕೂ ತೂಕವಿದೆ. ಹಾಗಾಗಿ ಪ್ರತಿ ಸಲ ಹಾರುವ ಮೊದಲು ಯಾರಾದರೂ ರೋಗಿಯನ್ನೂ ಜೊತೆಗಾರರನ್ನೂ ತೂಗಿ ಪೈಲಟ್ಟಿಗೆ ಹೇಳಬೇಕು.

ಈ ಕೆಲಸಕ್ಕೆ ಪೂರ್ಣೇಶ ಬಂದದ್ದು ಬೆನ್ನುನೋವಿನಿಂದ. ಇಪ್ಪತ್ತೊಂದು ವರ್ಷ ತೀರ್ಥಹಳ್ಳಿಯ ಒಂದು ಅಡಿಕೆ ಮಂಡಿಯಲ್ಲಿ ಚೀಲ ತೂಗಿ, ತೂಕ ಕೂಗಿ, ಹಮಾಲರು ಕಡಿಮೆ ಬಿದ್ದ ದಿನ ಚೀಲಕ್ಕೂ ಹೆಗಲು ಕೊಟ್ಟು, ಅವನ ಸೊಂಟ ಮುಷ್ಕರ ಹೂಡಿತ್ತು. ಟ್ರಸ್ಟಿನ ಕಾರ್ಯದರ್ಶಿ ಮಂಜುನಾಥಪ್ಪ ಮಂಡಿಗೆ ಬಂದಿದ್ದವರು ಅವನನ್ನು ನೋಡಿ, "ಮಷೀನಲ್ಲಿ ಬಂದಿದ್ದನ್ನ ಬಂದ ಹಾಗೇ ಹೇಳಕ್ಕೆ ಬರ್ತದಲ? ನಮಗೆ ಅಷ್ಟೇ ಸಾಕು" ಎಂದು ಕರೆದುಕೊಂಡು ಹೋದರು. ಅಷ್ಟೂ ಬರುವುದಿಲ್ಲ ಎನ್ನುವುದು ಹೊಸನಗರದಲ್ಲಿ ಗೊತ್ತಾಯಿತು.

ಮೊದಲ ಒಂದೂವರೆ ವರ್ಷ ಅವನನ್ನು ಹಾಕಿದ್ದು ಹೊಸನಗರಕ್ಕೆ. ಮಂಡಿಯಲ್ಲಿ ಒಂದು ಪದ್ಧತಿಯಿದೆ. ಚೀಲ ತೂಗಿದ ಮೇಲೆ ಗೋಣಿಯ ತೂಕ ಕಳೆದು ಅಡಿಕೆಯ ತೂಕವನ್ನಷ್ಟೇ ಕೂಗಬೇಕು. ಇಪ್ಪತ್ತೊಂದು ವರ್ಷ ಮಾಡಿದ್ದು ಯೋಚನೆಯಿಂದ ಬರುವುದಿಲ್ಲ, ನಾಲಿಗೆಯಿಂದ ಬರುತ್ತದೆ. ಸೇರಿದ ಎರಡನೇ ತಿಂಗಳು, ಮರದಿಂದ ಬಿದ್ದ ಒಬ್ಬನನ್ನು ಸ್ಟ್ರೆಚರ್ ಸಮೇತ ಮಷೀನಿನ ಮೇಲಿಟ್ಟಾಗ ಎಂಬತ್ತೈದು ಬಂತು. ಅವನು ಒಂದು ಗಳಿಗೆಯೂ ತಡೆಯದೆ ಸ್ಟ್ರೆಚರಿನ ಹದಿನಾಲ್ಕು ಕಳೆದು "ಎಪ್ಪತ್ತೊಂದು!" ಎಂದು ಕೂಗಿದ. ಆ ಸ್ಟ್ರೆಚರೂ ರೋಗಿಯ ಜೊತೆಗೇ ಹೋಗುವಂಥದ್ದು ಎನ್ನುವುದು ಅವನ ತಲೆಗೇ ಬರಲಿಲ್ಲ. ಹೆಲಿಕಾಪ್ಟರ್ ಎದ್ದಿತು, ಎದ್ದದ್ದು ಬೇಲಿಯಾಚೆಯ ಹಲಸಿನ ಮರದ ನೆತ್ತಿಯ ಹತ್ತಿರ ನಡುಗಿಕೊಂಡು ನಿಂತಿತು. ಅದರ ಕಾಲು ತಾಗಿ ಕೊಂಬೆಯೊಂದು ಮುರಿದು ಬಿತ್ತು. ಪೈಲಟ್ ಹರ್ಷವರ್ಧನ ಹೇಗೋ ಹಿಂದಕ್ಕೆ ಸರಿಸಿ ಮತ್ತೆ ಬಯಲಿಗೆ ಇಳಿಸಿದ. ಯಾರಿಗೂ ಏನೂ ಆಗಲಿಲ್ಲ.

ಇಳಿದು ಬಂದ ಹರ್ಷವರ್ಧನ ಕಿರುಚಾಡಿದ್ದರೆ ಚೆನ್ನಾಗಿತ್ತು. ಅವನು ಮೆತ್ತಗೆ, "ಏನು ಮಾಡಿದ್ರಿ?" ಎಂದು ಕೇಳಿದ.

"ಗೋಣಿ ತೂಕ ಕಳೆದೆ ಸಾರ್" ಎಂದ ಪೂರ್ಣೇಶ.

"ಇಲ್ಲಿ ಏನನ್ನೂ ಕಳೀಬೇಡಿ. ನೀವು ಹೇಳಿದ ನಂಬರ್ ನಂಬಿಕೊಂಡು ನಾನು ಮೇಲೆ ಹೋಗ್ತೀನಿ. ನನ್ನ ಹತ್ತಿರ ಬೇರೆ ಯಾವ ದಾರೀನೂ ಇಲ್ಲ" ಎಂದ ಹರ್ಷವರ್ಧನ. ಅವತ್ತಿನಿಂದ ಪೂರ್ಣೇಶ ಏನನ್ನೂ ಕಳೆದಿಲ್ಲ, ಯಾರಿಗೂ ಬಿಟ್ಟಿಲ್ಲ. ಚಪ್ಪಲಿ, ಮೊಬೈಲು, ಸೊಂಟದ ಪಟ್ಟಿ, ಜೇಬಿನ ಎಲೆಅಡಿಕೆ ಸಂಚಿ, ಎಲ್ಲದರ ಸಮೇತ ಬಂದದ್ದನ್ನು ಬಂದಹಾಗೆ ಹೇಳುತ್ತಾನೆ.

ಹೇಳುವುದು ಸುಲಭ, ಆಮೇಲೆ ಅಲ್ಲಿ ನಿಲ್ಲುವುದು ಕಷ್ಟ. ನಮ್ಮ ಕಡೆ ರೋಗಿಯನ್ನು ಒಂಟಿಯಾಗಿ ಆಸ್ಪತ್ರೆಗೆ ಕಳಿಸುವ ಪದ್ಧತಿಯೇ ಇಲ್ಲ. ಒಬ್ಬರು ಮಲಗಿದರೆ ಒಂದು ಜೀಪು ಜನ ಬರುತ್ತಾರೆ, ಬರಿಗೈಯಲ್ಲಂತೂ ಬರುವುದಿಲ್ಲ. ಹೊಸನಗರದಿಂದ ಸಾಗರಕ್ಕೆ ಹಾಕಿದ ಮೇಲೆ ಅಲ್ಲಿಗೆ ಬಂದ ಮಹಾಗಣಪತಿ ಎನ್ನುವವರು ಹೆಂಡತಿಯ ಜೊತೆಗೆ ಹೊರಟು ನಿಂತಾಗ, ನೋಡಿದರೆ ಪಂಚೆಯ ಮಡಿಕೆಯಲ್ಲಿ ಒಂದು ಡಬ್ಬಿ ತುಪ್ಪ, ಎರಡು ಬಾಟಲಿ ಕಷಾಯ, ಒಂದು ಉಪ್ಪಿನಕಾಯಿ ಭರಣಿ. "ಎಂತ ಮಾರಾಯ, ಒಂದ್ ಭರಣಿ ಉಪ್ಪಿನಕಾಯಿಗೆ ನಿನ್ನ ಹೆಲಿಕಾಪ್ಟರ್ ಬೀಳ್ತಾ?" ಎಂದು ಅವರು ಜಗಳಕ್ಕೇ ನಿಂತರು. ಜೋಗದಿಂದ ತಮ್ಮನನ್ನು ಕರೆತಂದಿದ್ದ ಒಬ್ಬ ಅಣ್ಣ ಮೂರು ಕಿಲೋ ಹೆಚ್ಚಾಗಿ ಕೆಳಗುಳಿದ. ಅವನು ಜಗಳವಾಡಲಿಲ್ಲ. ಹೆಲಿಕಾಪ್ಟರ್ ಕಣ್ಮರೆಯಾದ ಮೇಲೂ ತಲೆಯೆತ್ತಿ ನೋಡುತ್ತ ನಿಂತಿದ್ದ. ಬೈದವರನ್ನು ಪೂರ್ಣೇಶ ಮರೆತಿದ್ದಾನೆ, ಬೈಯದೆ ನಿಂತವರು ಮಾತ್ರ ನೆನಪಿನಿಂದ ಹೋಗುವುದಿಲ್ಲ.

ಸಾಗರದಲ್ಲಿ ಒಂದು ವರ್ಷ ಕಳೆದು, ಕೈಕಾಲು ಹಿಡಿದು ತೀರ್ಥಹಳ್ಳಿಗೆ ಹಾಕಿಸಿಕೊಂಡ. ಮನೆ ಮೇಳಿಗೆಯ ಕಡೆ, ಹೆಲಿಪ್ಯಾಡಿಗೆ ಬೈಕಿನಲ್ಲಿ ಇಪ್ಪತ್ತು ನಿಮಿಷ. ಮನೆಯಲ್ಲಿ ಅಪ್ಪಯ್ಯ ಹೂವಯ್ಯ, ಅಮ್ಮ ಮೂಕಮ್ಮ, ಹೆಂಡತಿ ರಕ್ಷಾ. ಹೂವಯ್ಯನಿಗೆ ಎಪ್ಪತ್ತೆರಡು ವರ್ಷ. ದೊಡ್ಡ ಮೈ, ದೊಡ್ಡ ದನಿ, ಊಟಕ್ಕೆ ಕೂತರೆ ಎಂಟು ಕಡುಬು. ಈಗಲೂ ಗದ್ದೆಯ ಬದುವಿನ ಮೇಲೆ ನಿಂತು ಕೂಗಿದರೆ ಆಚೆ ಕೇರಿಯವರು ಏನೆಂದು ಕೇಳುತ್ತಾರೆ. ಮೂಕಮ್ಮ ಹೆಸರಿಗೆ ತಕ್ಕ ಹಾಗೆ ಮಾತು ಕಡಿಮೆ. ಅವಳ ಬಗ್ಗೆ ಯಾರಾದರೂ ಕೇಳಿದರೆ, "ಅಮ್ಮನಾ? ಆರಾಮಿದಾರೆ" ಎಂದು ಪೂರ್ಣೇಶ ಹೇಳುತ್ತಿದ್ದ. ಬೇರೇನು ಹೇಳಬೇಕೆಂದು ಅವನಿಗೆ ತೋಚುತ್ತಲೂ ಇರಲಿಲ್ಲ. ಕೆಲಸದಿಂದ ಬಂದು, ತಟ್ಟೆಯ ಮುಂದೆ ಕೂತು, ಬಡಿಸಿದ್ದನ್ನು ತಿಂದು ಮಲಗುವುದೇ ಅವನಿಗೆ ಸಾಕಾಗಿರುತ್ತಿತ್ತು.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ರಕ್ಷಾ ತವರಿನ ಗೃಹಪ್ರವೇಶಕ್ಕೆಂದು ಸಾಗರಕ್ಕೆ ಹೋಗಿದ್ದ ದಿನ, ಅವನಿಗೆ ಆಂಬುಲೆನ್ಸ್ ಡ್ರೈವರ್ ರವೀಶನ ಫೋನು ಬಂತು. ದಿನಾ ಬರುವ ಫೋನೇ. ತೂಕದ ಮಷೀನಿನ ಸೊನ್ನೆ ಸರಿಪಡಿಸುತ್ತ, "ಎಲ್ಲಿಂದ ಮಾರಾಯ?" ಎಂದ.

"ಪೂರ್ಣೇಶಣ್ಣ, ಗಾಬರಿ ಆಗ್ಬೇಡಿ. ನಿಮ್ಮಪ್ಪಯ್ಯನ್ನೇ ಕರ್ಕಂಡ್ ಬರ್ತಿದೀನಿ. ಊಟ ಮಾಡಿ ಎದ್ದೋರು ಎದೆ ಹಿಡ್ಕಂಡು ಕೂತ್ರಂತೆ. ತಾಲ್ಲೂಕು ಆಸ್ಪತ್ರೆ ಡಾಕ್ಟ್ರು, ರಸ್ತೇಲಿ ಕಳ್ಸಿದ್ರೆ ಆಗುಂಬೆ ದಾಟಲ್ಲ, ಮೇಲೇ ಕಳ್ಸಿ ಅಂದ್ರು."

ಪೂರ್ಣೇಶ ಮಷೀನಿನ ಸೊನ್ನೆ ಸರಿಪಡಿಸಿಯೇ ಎದ್ದ. ನಾಲ್ಕು ವರ್ಷದ ಅಭ್ಯಾಸಕ್ಕೆ ಅಪ್ಪಯ್ಯನೆಂಬುದು ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು.

ಆಂಬುಲೆನ್ಸಿಗಿಂತ ಮುಂಚೆ ಹೆಲಿಕಾಪ್ಟರ್ ಬಂತು. ಹರ್ಷವರ್ಧನ ಇಂಜಿನ್ ನಿಲ್ಲಿಸಿ, ಥರ್ಮಾಮೀಟರು ನೋಡಿ, ಕಾಗದದ ಮೇಲೆ ಲೆಕ್ಕ ಹಾಕಿದ. ಬಿಸಿಲೆಂದರೆ ನೆಲದ ಹುಲ್ಲು ಕಾದು ವಾಸನೆ ಬರುತ್ತಿತ್ತು. "ಇವತ್ತು ಸ್ಟ್ರೆಚರ್ ಸೇರಿ ಇಬ್ಬರಿಗೆ ನೂರ ಅರವತ್ತೆಂಟು. ಅದಕ್ಕಿಂತ ಹೆಚ್ಚು ಆಗಲ್ಲ" ಎಂದ. ಪಶ್ಚಿಮದಲ್ಲಿ ಘಾಟಿಯ ಮೇಲೆ ಮೋಡ ಗುಪ್ಪೆಗುಪ್ಪೆಯಾಗಿ ಏಳುತ್ತಿತ್ತು. ಅದನ್ನೊಮ್ಮೆ ನೋಡಿ, "ಕಾಲು ಗಂಟೇಲಿ ಹೊರಡಬೇಕು, ಆಮೇಲೆ ದಾರಿ ಮುಚ್ಚುತ್ತೆ" ಎಂದೂ ಸೇರಿಸಿದ. ರೋಗಿ ಪೂರ್ಣೇಶನ ಅಪ್ಪನೆಂದು ಆಮೇಲೆ ಗೊತ್ತಾದಾಗ ಅವನ ಮುಖ ಸಣ್ಣಗಾಯಿತು. ಲೆಕ್ಕ ಬದಲಾಗಲಿಲ್ಲ.

ಹೂವಯ್ಯನನ್ನು ಇಳಿಸಿ ಸ್ಟ್ರೆಚರ್ ಸಮೇತ ಮಷೀನಿನ ಮೇಲಿಟ್ಟರು. ನೂರು ಬಂತು, ಸರಿಯಾಗಿ ನೂರು. ಜೊತೆಗೆ ಹೋಗುವವರಿಗೆ ಉಳಿದದ್ದು ಅರವತ್ತೆಂಟು.

ಪೂರ್ಣೇಶ ತಾನೇ ಮಷೀನು ಹತ್ತಿದ. ಎಪ್ಪತ್ನಾಲ್ಕು ಬಂತು. ಇಳಿದು ಶೂ ಬಿಚ್ಚಿದ, ಬೆಲ್ಟು ಬಿಚ್ಚಿದ, ಮೊಬೈಲು, ಬೀಗದ ಕೈ, ಹಳದಿ ಜಾಕೆಟ್ಟು ಎಲ್ಲ ತೆಗೆದಿಟ್ಟ. ಬನಿಯನ್ ಉಳಿಸಿ ಅಂಗಿಯನ್ನೂ ತೆಗೆದ. ಬೇರೆಯವರು ಹೀಗೆ ಒಂದೊಂದೇ ಬಿಚ್ಚಿಡುವುದನ್ನು ಅವನು ಎಷ್ಟು ಸಲ ನೋಡಿ, 'ಅಷ್ಟರಿಂದ ಎಂತ ಆಗ್ತದೆ' ಎಂದು ಮನಸ್ಸಿನಲ್ಲೇ ಬೇಸರಪಟ್ಟುಕೊಂಡಿದ್ದನೋ. ಎಪ್ಪತ್ತೆರಡಕ್ಕೆ ಇಳಿಯಿತು. ಅಲ್ಲಿಗೆ ನಿಂತಿತು.

ಮಷೀನಿನ ಅಂಕಿ ಕಾಣುವುದು ಅದರ ಪಕ್ಕ ನಿಂತವರಿಗೆ ಮಾತ್ರ. ಹರ್ಷವರ್ಧನ ಇಪ್ಪತ್ತು ಹೆಜ್ಜೆ ಆಚೆ ಕಾಗದ ಹಿಡಿದು ಕಾಯುತ್ತಿದ್ದ. ರವೀಶ ಹತ್ತಿರ ಬಂದು ಕಿವಿಯಲ್ಲಿ, "ಅರವತ್ತೆಂಟು ಅಂದ್ಬಿಡಿ ಅಣ್ಣ. ನಾಕು ಕೆಜಿಗೆಲ್ಲ ಎಂತ ಆಗಲ್ಲ. ನಾನಂತೂ ನೋಡ್ಲೇ ಇಲ್ಲ" ಎಂದ.

ಹೂವಯ್ಯ ಸ್ಟ್ರೆಚರಿನಿಂದ ಮಗನ ಮುಖವನ್ನೇ ನೋಡುತ್ತಿದ್ದ. ಯಾರಿಗೂ ಹೆದರದವನು, ಒಮ್ಮೆ ತೋಟಕ್ಕೆ ಬಂದ ಕಾಟಿಯನ್ನು, ಅಂಥ ಕಾಡುಕೋಣವನ್ನು, ಬರೀ ಬೈದೇ ಓಡಿಸಿದವನು, ಈಗ ಮಗುವಿನ ಹಾಗೆ ಕಣ್ಣು ಬಿಟ್ಟುಕೊಂಡಿದ್ದ. ಸುಳ್ಳು ಹೇಳಬೇಕೆಂದು ಪೂರ್ಣೇಶನಿಗೆ ಬಲವಾಗಿ ಅನ್ನಿಸಿತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆಗ ಹೊಸನಗರದಲ್ಲಿ ಹಲಸಿನ ಕೊಂಬೆ ಮುರಿದು ಬಿದ್ದದ್ದು ಕಣ್ಣಿಗೆ ಬಂತು. ಈ ಸಲ ಒಳಗಿರುವುದು ಅಪ್ಪಯ್ಯ.

"ಎಪ್ಪತ್ತೆರಡು" ಎಂದು ಕೂಗಿದ.

ಹರ್ಷವರ್ಧನ ತಲೆ ಅಲ್ಲಾಡಿಸಿದ. "ಆಗಲ್ಲ ಪೂರ್ಣೇಶ್. ಸಾರಿ."

ಅದು ಕಿವಿಗೆ ಬಿದ್ದದ್ದೇ ತಡ ಹೂವಯ್ಯ ಆಕ್ಸಿಜನ್ ಮಾಸ್ಕನ್ನು ಕಿತ್ತು ಎಸೆದ. "ನಾ ಒಬ್ನೇ ಹೋಗಲ್ಲ ಕಣಾ. ಇವ್ರೆಲ್ಲ ಯಾರು, ನಂಗೆ ಗುರ್ತಿಲ್ಲ ಪರಿಚಯ ಇಲ್ಲ. ಸಾಯದಾದ್ರೆ ಇಲ್ಲೇ ಸಾಯ್ತೀನಿ. ಮನೆಗೆ ಕರ್ಕಂಡ್ ಹೋಗು." ನರ್ಸ್ ಧನ್ಯಶ್ರೀ ಮಾಸ್ಕ್ ಹಾಕಿದಳು, ಅವನು ಮತ್ತೆ ಕಿತ್ತ. ಅವಳು ಪೂರ್ಣೇಶನ ಕಡೆ ತಿರುಗಿ, "ಅಣ್ಣ, ಮೇಲೆ ಹೋದ್ಮೇಲೆ ಹೀಗೆ ಮಾಡಿದ್ರೆ ನನ್ನೊಬ್ಬಳ ಕೈಲಿ ಆಗಲ್ಲ. ಮನೆಯೋರು ಯಾರಾದ್ರೂ ಒಬ್ರು ಬೇಕೇ ಬೇಕು" ಎಂದಳು. ಯಾರಿದ್ದಾರೆ? ರಕ್ಷಾ ಸಾಗರದಲ್ಲಿ. ರವೀಶ ಎಂಬತ್ತು ಕಿಲೋ ದಾಟಿದವನು. ಪೂರ್ಣೇಶ ಬನಿಯನ್ನಿನಲ್ಲಿ ಬಿಸಿಲಿಗೆ ನಿಂತು ಕೈಚೆಲ್ಲಿದ. ಇಷ್ಟು ವರ್ಷ ತಾನು ಬೇರೆಯವರನ್ನು ನಿಲ್ಲಿಸಿದ ಜಾಗ ಇದೇ ಎಂದು ಅವನಿಗೆ ಅನ್ನಿಸಿತು, ಅದಕ್ಕಿಂತ ಹೆಚ್ಚು ಯೋಚಿಸಲು ಆಗಲಿಲ್ಲ.

"ನಾ ಹೋಗ್ತೀನಿ."

ಆಂಬುಲೆನ್ಸಿನ ಮೆಟ್ಟಿಲ ಮೇಲೆ ಚೀಲ ಹಿಡಿದು ಕೂತಿದ್ದ ಮೂಕಮ್ಮ ಹೇಳಿದ್ದು. ಅವಳು ಗಂಡನ ಜೊತೆಗೇ ಬಂದಿದ್ದಳು, ಅಲ್ಲಿಯವರೆಗೆ ಅವಳನ್ನು ಯಾರೂ ಲೆಕ್ಕಕ್ಕೇ ಹಿಡಿದಿರಲಿಲ್ಲ. ಆಸ್ಪತ್ರೆಯ ಓಡಾಟವೆಂದರೆ ನಮ್ಮಲ್ಲಿ ಗಂಡಸರದು. ಕೌಂಟರು, ಸಹಿ, ಲಿಫ್ಟು, ಔಷಧಿ ಚೀಟಿ ಇವೆಲ್ಲ ಅವಳಿಗೆ ಏನು ಗೊತ್ತು.

"ನೀ ಅಲ್ಲೋಗಿ ಎಂತ ಮಾಡ್ತೀಯಮ್ಮ?" ಎಂದ ಪೂರ್ಣೇಶ.

"ಕೈ ಹಿಡ್ಕಂಡ್ ಕೂತಿರ್ತೀನಿ. ಅವ್ರಿಗೆ ಬೇಕಾಗಿದ್ದು ಅಷ್ಟೇ ಅಲನಾ" ಎಂದು ಮೂಕಮ್ಮ ಎದ್ದು ಬಂದು, ಚಪ್ಪಲಿ ಕಳಚಿ, ಚೀಲದ ಸಮೇತ ಮಷೀನು ಹತ್ತಿದಳು.

ಮೂವತ್ತಾರು ಬಂತು. ಪೂರ್ಣೇಶ ಚೀಲ ಇಸಿದುಕೊಂಡು ಕೆಳಗಿಟ್ಟ. ಮೂವತ್ನಾಲ್ಕು.

ಮಷೀನು ಕೆಟ್ಟಿದೆ ಎಂದುಕೊಂಡ. ಅಮ್ಮನನ್ನು ಇಳಿಸಿ, ಪರೀಕ್ಷೆಗೆಂದು ಇಟ್ಟಿದ್ದ ಇಪ್ಪತ್ತು ಕಿಲೋದ ಕಬ್ಬಿಣದ ಬಟ್ಟು ಇಟ್ಟು ನೋಡಿದ. ಇಪ್ಪತ್ತೇ ಬಂತು. ಮತ್ತೆ ಹತ್ತಿಸಿದ. ಮೂವತ್ನಾಲ್ಕು. ಸೀರೆ, ರವಿಕೆ, ಗಾಜಿನ ಬಳೆ, ಎಲ್ಲ ಸೇರಿ. ಮಂಡಿಯಲ್ಲಿ ಅರ್ಧ ಚೀಲ ಅಡಿಕೆ ಅಷ್ಟು ತೂಗುತ್ತದೆ.

"ಎಷ್ಟು?" ಎಂದು ಹರ್ಷವರ್ಧನ ಕೂಗಿದ.

"ಮೂವತ್ನಾಲ್ಕು" ಎಂದ ಪೂರ್ಣೇಶ. ದನಿ ಹೊರಗೆ ಬಂತೋ ಇಲ್ಲವೋ ಎಂದು ಅನುಮಾನವಾಗಿ ಇನ್ನೊಮ್ಮೆ ಹೇಳಿದ.

"ಮೂವತ್ನಾಲ್ಕಾ! ತುಂಬಾ ಒಳ್ಳೇದಾಯ್ತು. ಹತ್ತಿಸಿ, ಹತ್ತಿಸಿ. ಆ ಚೀಲಾನೂ ಕೊಡಿ, ಪರವಾಗಿಲ್ಲ." ನಾಲ್ಕು ವರ್ಷದಲ್ಲಿ ಹರ್ಷವರ್ಧನ ಒಂದು ಚೀಲಕ್ಕೆ ಪರವಾಗಿಲ್ಲ ಎಂದದ್ದು ಅದೇ ಮೊದಲು. ರವೀಶ ಚಪ್ಪಾಳೆ ತಟ್ಟಿ, "ಅಮ್ಮ ಪಾಸು!" ಎಂದ. ಎಲ್ಲರಿಗೂ ಹೋದ ಜೀವ ಬಂದಂತಾಗಿ ಓಡಾಡತೊಡಗಿದರು. ಧನ್ಯಶ್ರೀ ಒಬ್ಬಳು ಮಾತ್ರ ಮೂಕಮ್ಮನ ಮುಖ ನೋಡಿ, ಆಮೇಲೆ ಪೂರ್ಣೇಶನ ಮುಖ ನೋಡಿದಳು.

ಅಮ್ಮನ ತೋಳು ಹಿಡಿದು ಹತ್ತಿಸುವಾಗ ಪೂರ್ಣೇಶನಿಗೆ ಒಂದೊಂದೇ ಕಾಣತೊಡಗಿತು. ರವಿಕೆಯ ತೋಳಿಗೆ ಹಾಕಿದ್ದ ಸೇಫ್ಟಿ ಪಿನ್ನು. ಜಾರಿಹೋಗದ ಹಾಗೆ ಬಳೆಗೆ ಸುತ್ತಿದ್ದ ದಾರ. ಕತ್ತಿನ ಎಲುಬು. ಇವೆಲ್ಲ ಇವತ್ತು ಬಂದದ್ದಲ್ಲ. "ನೀನೂ ಕೂರು" ಎಂದರೆ "ನಂದಾಯ್ತು" ಎನ್ನುತ್ತಿದ್ದಳು. ಹಬ್ಬದ ದಿನ ಕಡುಬು ಬಡಿಸಿ ತಾನು ಗಂಜಿ ಕುಡಿಯುತ್ತಿದ್ದಳು, ಯುಗಾದಿ ಕಳೆದ ಮೇಲೆ ಬರೀ ಗಂಜಿಯ ತಿಳಿ. ವಯಸ್ಸಾಯಿತು, ಹಸಿವು ಕಡಿಮೆ ಎಂದು ಎಲ್ಲರೂ ಅಂದುಕೊಂಡಿದ್ದರು. ಎಲ್ಲರೂ ಎಂದರೆ ಯಾರು, ಅವನೇ. ಅವನಿಗೆ ತನ್ನ ಮೇಲೆ ಹೇಸಿಗೆ ಹುಟ್ಟಿತು. ಮೂರು ತಾಲ್ಲೂಕಿನ ಕಂಡಕಂಡವರನ್ನೆಲ್ಲ ನಿಲ್ಲಿಸಿ ತೂಗಿದವನು ತಟ್ಟೆಯೆದುರು ಬಂದು ಬಡಿಸುತ್ತಿದ್ದವಳನ್ನು ಕಣ್ಣೆತ್ತಿ ನೋಡಿರಲಿಲ್ಲ.

ಹೂವಯ್ಯ ಹೆಂಡತಿಯ ಕೈ ಸಿಕ್ಕ ಕೂಡಲೇ ತಣ್ಣಗಾದ. ಮಾಸ್ಕ್ ಹಾಕಿದರೂ ಸುಮ್ಮನಿದ್ದ. ಹೆಲಿಕಾಪ್ಟರ್ ಸುಲಭವಾಗಿ ಎದ್ದು, ಮರಗಳ ಮೇಲಿಂದ ಪಶ್ಚಿಮಕ್ಕೆ ತಿರುಗಿತು.

ಪೂರ್ಣೇಶ ಅಂಗಿ ಹಾಕಿಕೊಂಡು ಬಸ್ಸಿಗೆ ಓಡಿದ, ಅದು ಬರಲು ಮುಕ್ಕಾಲು ಗಂಟೆ ಕಾಯಬೇಕಾಯಿತು. ಬಸ್ಸು ಮೇಗರವಳ್ಳಿ ದಾಟುವ ಹೊತ್ತಿಗೆ ಧನ್ಯಶ್ರೀಯ ಫೋನು ಬಂತು. "ಅಪ್ಪಂದು ಆಯ್ತು ಅಣ್ಣ. ರಕ್ತನಾಳಕ್ಕೆ ಸ್ಟೆಂಟ್ ಹಾಕಿದಾರೆ, ಈಗ ಪರವಾಗಿಲ್ಲ. ಇನ್ನೊಂದು ಹತ್ತು ನಿಮಿಷ ತಡ ಆಗಿದ್ರೆ ಕಷ್ಟ ಇತ್ತಂತೆ." ಪೂರ್ಣೇಶ ಕಣ್ಣು ಮುಚ್ಚಿ ಸೀಟಿಗೆ ಒರಗಿದ. ಅವಳು ಫೋನಿಡಲಿಲ್ಲ. "ಅಮ್ಮಂಗೆ ಒಂದು ಬಿಸ್ಕತ್ತು ಕೊಟ್ಟೆ. ಸೆರಗಿಗೆ ಕಟ್ಕೊಂಡ್ರು. ನೀರು ಕೊಟ್ರೆ ಎರಡು ಗುಟುಕು ಕುಡಿದು ಹೊರಗೆ ಹಾಕಿದ್ರು. ಎಷ್ಟು ದಿನದಿಂದ ಹೀಗೆ?"

"ಬರ್ತಾ ಇದೀನಮ್ಮ" ಎಂದ ಪೂರ್ಣೇಶ. ಘಾಟಿಯ ಹದಿನಾಲ್ಕು ತಿರುವು ಮುಗಿಯುವವರೆಗೂ ಅವನು ಮುಂದಿನ ಸೀಟಿನ ಕಂಬಿ ಹಿಡಿದೇ ಕೂತಿದ್ದ.

ಆಸ್ಪತ್ರೆ ತಲುಪಿದಾಗ ಸಂಜೆ ಆರಾಗಿತ್ತು. ಐಸಿಯುವಿನಲ್ಲಿ ಹೂವಯ್ಯನ ಮುಖಕ್ಕೆ ಬಣ್ಣ ಬಂದಿತ್ತು. "ನಿನ್ನಮ್ಮ ಅಲ್ಲೀವರೆಗೂ ಕೈ ಬಿಡ್ಲಿಲ್ಲ ಕಣಾ. ಮುದುಕಿಗೆ ಎಷ್ಟು ಧೈರ್ಯ ನೋಡು" ಎಂದ, ಏನೋ ತಾನೇ ಕಲಿಸಿಕೊಟ್ಟ ಹಾಗೆ. ಹೊರಗೆ ಬೆಂಚಿನ ಮೇಲೆ ಮೂಕಮ್ಮ ಕಾಲು ಮಡಿಚಿ ಕೂತಿದ್ದಳು. ಅಷ್ಟು ದೊಡ್ಡ ಬೆಂಚಿನ ಒಂದು ಮೂಲೆಯೂ ತುಂಬಿರಲಿಲ್ಲ.

"ಎಷ್ಟು ದಿನ ಆಯ್ತಮ್ಮ ಗಂಟ್ಲಲ್ಲಿ ಇಳೀದೆ?"

"ಎಂತದೂ ಇಲ್ಲ ಬಿಡೋ. ನಿಮ್ಮಪ್ಪಯ್ಯ ಏಳ್ಲಿ, ಆಮೇಲೆ ನೋಡಾಣ."

ಆಮೇಲೆ ನೋಡೋಣ ಎನ್ನುವುದನ್ನು ಈ ಸಲ ಪೂರ್ಣೇಶ ಕೇಳಲಿಲ್ಲ. ಮರುದಿನ ಬೆಳಿಗ್ಗೆ, ಅವಳು ಬೇಡ ಬೇಡವೆಂದರೂ, ಕೈಹಿಡಿದು ಅದೇ ಆಸ್ಪತ್ರೆಯ ಎರಡನೇ ಮಹಡಿಗೆ ಕರೆದುಕೊಂಡು ಹೋದ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು. ಹೊಟ್ಟೆ ಮುಟ್ಟಿ, ಕತ್ತು ಮುಟ್ಟಿ ನೋಡಿದರು. ಅಲ್ಲಿಯ ಮಷೀನಿನ ಮೇಲೂ ನಿಲ್ಲಿಸಿದರು. ಬೇರೆ ಮಷೀನು ಬೇರೆ ತೋರಿಸೀತೆಂದು ಪೂರ್ಣೇಶ ಬಗ್ಗಿ ನೋಡಿದ. ಮೂವತ್ನಾಲ್ಕೂ ಇರಲಿಲ್ಲ, ಅದಕ್ಕೂ ನೂರು ಗ್ರಾಂ ಕಡಿಮೆ.

"ಅನ್ನನಾಳದಲ್ಲಿ ಏನೋ ಅಡ್ಡ ಇರೋ ಹಾಗಿದೆ. ಒಳಗೆ ಕ್ಯಾಮೆರಾ ಬಿಟ್ಟು ನೋಡಬೇಕು. ಎಷ್ಟು ಬೇಗ ನೋಡಬೇಕು ಅನ್ನೋದು ತೂಕ ಎಷ್ಟು ಬೇಗ ಇಳಿದಿದೆ ಅನ್ನೋದರ ಮೇಲಿದೆ" ಎಂದು ಡಾಕ್ಟರು ಒಂದು ಫಾರಂ ಎಳೆದುಕೊಂಡರು. "ಒಂದು ವರ್ಷದ ಹಿಂದೆ ಎಷ್ಟಿದ್ರು?"

ಪೂರ್ಣೇಶ ಬಾಯಿ ತೆರೆದ. ಜೋಗದ ಆ ಅಣ್ಣ ಎಪ್ಪತ್ತೊಂದಿದ್ದ. ಮಹಾಗಣಪತಿಯವರು ಉಪ್ಪಿನಕಾಯಿ ಬಿಟ್ಟು ಅರವತ್ತಾರಿದ್ದರು. ಕೇಳಿದ್ದರೆ ಅವನು ಇನ್ನೂ ಇನ್ನೂರು ಜನರದ್ದು ಹೇಳುತ್ತಿದ್ದ.

ಅವನು ತಡೆದದ್ದನ್ನು ಮೂಕಮ್ಮ ನೋಡಿದಳು. ಮಗನ ಕಡೆ ತಿರುಗದೆ ಡಾಕ್ಟರಿಗೇ ಹೇಳಿದಳು: "ನಾ ಮೊದ್ಲಿಂದ್ಲೂ ಹಿಂಗೇ ಡಾಕ್ಟ್ರೆ. ಮೂವತ್ತೈದರ ಮೇಲೆ ಏರಿದ್ದೇ ಇಲ್ಲ. ಇವ್ನಿಗೆ ತೂಕದ್ದೇ ಕೆಲ್ಸ, ಆಗಾಗ ನಿಲ್ಸಿ ನೋಡ್ತಿದ್ದ. ಮನೇಲಿ ಚೆನ್ನಾಗೇ ನೋಡ್ಕಣ್ತಾರೆ."

ಡಾಕ್ಟರು ಪೆನ್ನು ಫಾರಮ್ಮಿನ ಮೇಲಿಟ್ಟು ಪೂರ್ಣೇಶನನ್ನು ನೋಡಿದರು. "ಹೌದಾ? ಹಾಗಾದ್ರೆ ಅಷ್ಟು ಗಾಬರಿ ಪಡೋದು ಬೇಡ. ಮೂವತ್ತೈದು ಅಂತ ಬರೀಲಾ?"

"ಬೇಡ" ಎಂದ ಪೂರ್ಣೇಶ. "ಅದು ಸುಳ್ಳು ಡಾಕ್ಟ್ರೆ. ನಾನು ಒಂದಿನಾನೂ ತೂಗಿಲ್ಲ."

"ಅಂದಾಜಿಗಾದ್ರೂ?"

ಹೋದ ವರ್ಷದ ಅಮ್ಮನನ್ನು ಅವನು ನೆನಪಿಸಿಕೊಳ್ಳಲು ನೋಡಿದ. ಬಡಿಸುವ ಕೈ ಕಂಡಿತು, ಸೌಟು ಕಂಡಿತು. ಅದರಾಚೆ ಏನೂ ಕಾಣಲಿಲ್ಲ.

"ಗೊತ್ತಿಲ್ಲ. ನಾನು ನೋಡ್ಲಿಲ್ಲ" ಎಂದ.

ಮೇಜಿನ ಕೆಳಗೆ ಮೂಕಮ್ಮ ಅವನ ಅಂಗಿಯ ತುದಿ ಹಿಡಿದು ಮೆಲ್ಲಗೆ ಜಗ್ಗಿದಳು, ಸಾಕು ಸುಮ್ಮನಿರು ಎನ್ನುವ ಹಾಗೆ. ಡಾಕ್ಟರು ಆ ಖಾಲಿ ಜಾಗದಲ್ಲಿ ಒಂದು ಗೆರೆ ಎಳೆದು ಮುಂದಿನ ಪ್ರಶ್ನೆಗೆ ಹೋದರು.